ಬೆವರದ ಮಂಜುಗಡ್ಡೆ

ಮಾರ್ಚ್ 3

ಅಕ್ಕ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಚೆನ್ನಾಗಿರುವುದು ಪತ್ರಿಕೆ ನೋಡಿ ಗೊತ್ತಾಯಿತು. ಫೋಟೋದಲ್ಲಿ ಮಾತ್ರ ಸೊರಗಿದ ಹಾಗೆ ಕಾಣುತ್ತೀಯ. ಫೋನ್ ಮಾಡೋಣ ಎಂದರೆ ನಮ್ಮ ಎಕ್ಸ್‌ಚೇಂಜಿನವಳು ಮಧ್ಯೆ ಬಾಯಿ ಹಾಕಿ ತನ್ನ ಅಭಿಪ್ರಾಯವನ್ನೂ ಹೇಳುತ್ತಾಳೆ, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಅದಕ್ಕೇ ಈ ಕಾಗದ.

ವಿಷಯ ಏನೆಂದರೆ, ಬಿಲ್ಲೆಯ ಫಲಕ ಈ ವರ್ಷ ನಮ್ಮ ಜಿಲ್ಲೆಗೆ ಬಂದಿದೆ. ಮಾವನವರಿಗೆ ಹೇಳಿದರೆ ಕುಸ್ತಿಯ ಬಹುಮಾನ ಎಂದುಕೊಂಡರು. "ಅಲ್ಲ ಮಾವ, ಲಸಿಕೆ ಸೀಸೆ ಮೇಲೆ ಒಂದು ಸಣ್ಣ ಬಿಲ್ಲೆ ಅಂಟಿಸಿರ್ತಾರೆ. ಬಿಸಿ ತಾಗಿದ್ರೆ ಅದು ಕಪ್ಪಾಗುತ್ತೆ. ಕಪ್ಪಾದ್ರೆ ಲಸಿಕೆ ಕೆಟ್ಟಿದೆ ಅಂತ ಅರ್ಥ. ವರ್ಷಪೂರ್ತಿ ಒಂದೂ ಕಪ್ಪಾಗದ ಹಾಗೆ ನೋಡ್ಕೊಂಡೋರಿಗೆ ಫಲಕ," ಎಂದೆ. "ಒಟ್ಟಿನಲ್ಲಿ ಐಸ್ ಕಾಯೋ ಕೆಲಸ," ಎಂದು ಮುಗಿಸಿಬಿಟ್ಟರು. ಲಸಿಕಾ ಉಗ್ರಾಣದ ಮೇಲ್ವಿಚಾರಕ ಎಂಬ ನನ್ನ ಪದವಿಗೆ ಇಷ್ಟೇ ಬೆಲೆ.

ಫಲಕ ಕೊಟ್ಟ ಅಧಿಕಾರಿ "ಪೆಟ್ಟಿಗೆ ಅಕ್ಕನ ತಮ್ಮ ಅಲ್ವಾ ನೀವು?" ಎಂದರು. ನನಗೆ ಕೋಡು ಮೂಡಿದ್ದು ಫಲಕಕ್ಕಲ್ಲ, ಆ ಮಾತಿಗೆ. ಎಂಟು ವರ್ಷದ ಹಿಂದೆ ಲಸಿಕೆ ಒಯ್ಯುವ ನಿನ್ನ ಹೊಸ ಪೆಟ್ಟಿಗೆ ಬಂದ ಮೇಲೆ ನಮ್ಮ ಕೆಲಸವೇ ಬೇರೆಯಾಗಿದೆ. ಹಳೆಯದರಲ್ಲಿ ಮಧ್ಯಾಹ್ನದೊಳಗೆ ಮಂಜು ನೀರಾಗುತ್ತಿತ್ತು. ಇದರಲ್ಲಿ ಎಷ್ಟು ದಿನವಾದರೂ ಕಲ್ಲಿನ ಹಾಗೆ ಕೂತಿರುತ್ತದೆ. ನಿನ್ನ ತರಬೇತಿ ಚಿತ್ರವನ್ನು ನರ್ಸುಗಳಿಗೆ ಎಷ್ಟು ಸಲ ತೋರಿಸಿದ್ದೇನೋ, ಅವರಿಗೆ ಅದು ಬಾಯಿಪಾಠ. ಚಿತ್ರದಲ್ಲಿ ನೀನು ಮಾಡುವ ಹಾಗೆಯೇ ನಾವೂ, ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯ ಮಂಜಿನ ಇಟ್ಟಿಗೆ ಫ್ರೀಜರಿನಿಂದ ತೆಗೆದದ್ದೇ ತಡ, ಪೆಟ್ಟಿಗೆಗೆ. ಹಳ್ಳಿಗೆ ಹೋಗಿ ಮುಚ್ಚಳ ತೆರೆದರೆ ಸೀಸೆ ಹಿಡಿದ ಕೈ ಮರಗಟ್ಟುತ್ತದೆ. ಸುಡುಬಿಸಿಲಲ್ಲಿ ನಿಂತು ನರ್ಸುಗಳು ಬೆರಳಿಗೆ ಬಾಯಿಂದ ಬಿಸಿಗಾಳಿ ಊದಿಕೊಳ್ಳುವುದನ್ನು ನೀನು ನೋಡಬೇಕು.

ಪುಟ್ಟಿಗೂ ಅದೇ ಪೆಟ್ಟಿಗೆಯಿಂದ ಮೂರನೆಯ ಚುಚ್ಚುಮದ್ದು ಆಯಿತು. ತೊಡೆ ಹಿಡಿದುಕೊಂಡವನು ನಾನೇ. ನನ್ನ ಮುಖ ನೋಡಿ ಅತ್ತಿದ್ದಾಳೆ, ಇನ್ನೂ ಕೋಪ ಇಳಿದಿಲ್ಲ. ಆ ದೊಡ್ಡ ಕುರ್ಚಿಯ ಸುದ್ದಿ ನಿಜವೇ? ಮಾವನವರು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ.

ನಿನ್ನ ತಮ್ಮ

*

ಮಾರ್ಚ್ 15

ತಮ್ಮಯ್ಯ,

ಫಲಕದ ವಿಷಯ ನನಗೆ ನಿನ್ನ ಕಾಗದದಿಂದಲೇ ಗೊತ್ತಾದದ್ದು. ನಿಮ್ಮ ಜಿಲ್ಲೆಯ ಯಾವ ಕಡತವೂ ನನ್ನ ಮೇಜಿಗೆ ಬರಬಾರದು ಎಂದು ಈ ಲಸಿಕಾ ಸಂಸ್ಥೆಗೆ ಬಂದ ದಿನವೇ ಬರೆದುಕೊಟ್ಟಿದ್ದೇನೆ. ನಾಳೆ ಯಾರೂ "ತಮ್ಮನಿಗೆ ಕೊಡಿಸಿದಳು" ಎನ್ನಬಾರದು. ಹಾಗಾಗಿ ನಿನ್ನ ಬೆನ್ನು ತಟ್ಟುವಾಗ ನನ್ನ ಕೈ ಶುದ್ಧವಾಗಿದೆ.

ಕುರ್ಚಿಯ ಸುದ್ದಿ ನಿಜ. ಅಂತರರಾಷ್ಟ್ರೀಯ ಲಸಿಕಾ ನಿಧಿಯ ಅಧ್ಯಕ್ಷತೆ. ಕೊನೆಗೆ ಇಬ್ಬರು ಉಳಿದಿದ್ದೇವೆ, ನಾನು ಮತ್ತು ಒಬ್ಬ ಮಾಜಿ ಮಂತ್ರಿ. ಮೇ ಇಪ್ಪತ್ತಕ್ಕೆ ಮತದಾನ. ಅವರಿಗೆ ಲಸಿಕೆ ಎಂದರೆ ಅಂಕಿಅಂಶ. ನಾನು ಹೆಗಲಿಗೆ ಪೆಟ್ಟಿಗೆ ನೇತುಹಾಕಿಕೊಂಡು ಹಳ್ಳಿ ಹಳ್ಳಿ ಅಲೆದವಳು, ಆಮೇಲೆ ಅಲೆಯುವವರಿಗೆ ಕಲಿಸಿದವಳು, ಆಮೇಲೆ ದಾನಿಗಳ ಮನೆಬಾಗಿಲು ಕಾದವಳು. ಅಲ್ಲಿಂದ ಇಲ್ಲಿಯವರೆಗೆ ನನ್ನನ್ನು ಯಾರೂ ಎತ್ತಿ ಕೂರಿಸಲಿಲ್ಲ. ಈಗ ಎಲ್ಲ ಜಿಲ್ಲೆಗಳಿಗೂ ಹೊಸ ಪೆಟ್ಟಿಗೆ ಹೋಗಿದೆ. ಕುರ್ಚಿ ಸಿಕ್ಕರೆ ಬೇರೆ ದೇಶಗಳಿಗೂ ಹೋಗುತ್ತದೆ. ನನಗೆ ಅದು ಬೇಕು. ಇಷ್ಟು ಬಿಡಿಸಿ ಹೇಳುವುದು ನಿನ್ನೊಬ್ಬನ ಹತ್ತಿರವೇ.

ನಿನ್ನ ನರ್ಸುಗಳು ಬಿಸಿಲಲ್ಲಿ ಬೆರಳಿಗೆ ಗಾಳಿ ಊದಿಕೊಳ್ಳುವುದನ್ನು ಮೊನ್ನೆ ಸಂದರ್ಶನದಲ್ಲಿ ಹೇಳಿದೆ. ಗಂಟುಮುಖ ಹಾಕಿಕೊಂಡು ಕೂತಿದ್ದವರೂ ನಕ್ಕು ಚಪ್ಪಾಳೆ ತಟ್ಟಿದರು. ಇಂಥದ್ದು ಇನ್ನೂ ಇದ್ದರೆ ಬರೆ. ನನ್ನ ಕೋಣೆ ಒಂಬತ್ತನೇ ಮಹಡಿಯಲ್ಲಿದೆ, ಕಿಟಕಿ ತೆರೆಯುವುದಿಲ್ಲ. ಇಲ್ಲಿ ಕೂತರೆ ಲಸಿಕೆಯ ವಾಸನೆಯೂ ಮರೆತುಹೋಗುತ್ತದೆ.

ಪುಟ್ಟಿಯ ಕೋಪಕ್ಕೆ ನನ್ನ ಲೆಕ್ಕದಲ್ಲಿ ಒಂದು ಮುತ್ತು.

ಅಕ್ಕ

*

ಏಪ್ರಿಲ್ 6

ಅಕ್ಕ,

ಈ ಸಲ ನಗಿಸುವಂಥದ್ದು ಏನೂ ಇಲ್ಲ. ದರ್ಜಿ ಓಣಿಯಲ್ಲಿ ಮಕ್ಕಳಿಗೆ ಗಂಟಲು ಬಾವು ಬಂದಿದೆ. ನನ್ನ ಅಂಗಿ ಹೊಲಿಯುವ ದರ್ಜಿಯ ದೊಡ್ಡ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಶಾಲೆಗೆ ಹೋಗುವ ಮುಂಚೆ ಅಪ್ಪನ ಅಂಗಡಿ ಕಟ್ಟೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳಲ್ಲ, ಅವಳೇ. ಗಂಟಲೊಳಗೆ ಬೂದು ಬಣ್ಣದ ಪೊರೆ. ಉಸಿರೆಳೆದರೆ ಗರಗಸದ ಸದ್ದು.

ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿದ್ರೆ ಗಂಟಲಮಾರಿ, ಡಿಫ್ತೀರಿಯಾ ಥರಾನೇ ಇದೆ. ಆದ್ರೆ ಹಾಗಂತ ಬರೆಯೋಕೆ ಕೈ ಬರ್ತಿಲ್ಲ. ನಿಮ್ಮಲ್ಲಿ ಎಲ್ಲಾ ಮಕ್ಕಳಿಗೂ ಲಸಿಕೆ ಆಗಿದೆಯಲ್ಲ?"

"ಆಗಿದೆ. ಒಬ್ಬರನ್ನೂ ಬಿಟ್ಟಿಲ್ಲ," ಎಂದೆ.

ಸುಳ್ಳಲ್ಲ ಅಕ್ಕ. ಓಣಿಯ ಮಕ್ಕಳ ಕಾರ್ಡುಗಳನ್ನೆಲ್ಲ ತರಿಸಿ ನೋಡಿದೆ, ಎಲ್ಲವೂ ಸರಿಯಾಗಿವೆ. ಬಿಲ್ಲೆ ಒಂದೂ ಕಪ್ಪಾಗಿಲ್ಲ. ಹೊರಗಿನಿಂದ ಬಂದವರು ಯಾರೋ ತಂದಿರಬೇಕು, ಅಥವಾ ಇದು ಬೇರೆ ರೋಗ. ಎರಡರಲ್ಲಿ ಒಂದು. ನನ್ನ ಕಡೆಯಿಂದ ಏನೂ ಲೋಪವಿಲ್ಲ ಎಂದು ನಿನಗೆ ಧೈರ್ಯವಾಗಿ ಹೇಳಬಲ್ಲೆ.

ಆದರೂ ಗಂಟಲಮಾರಿಯೇ ಆಗಿದ್ದರೆ ಪ್ರತಿವಿಷದ ಸೀರಮ್ ಬೇಕು. ಇಲ್ಲಿನ ಉಗ್ರಾಣದಲ್ಲಿಲ್ಲ, ಮೇಲಿನವರು ಕೇಳಿದರೆ "ಬರೆದಿದ್ದೇವೆ" ಎನ್ನುತ್ತಾರೆ. ನಿನ್ನನ್ನು ಯಾವತ್ತೂ ಏನೂ ಕೇಳಿದವನಲ್ಲ. ನಿನ್ನ ನಿಯಮ ಗೊತ್ತಿದ್ದೂ ಈಗ ಕೇಳುತ್ತಿದ್ದೇನೆ.

ತಮ್ಮ

*

ಏಪ್ರಿಲ್ 14

ತಮ್ಮ,

ಸೀರಮ್ ಹೊರಟಿದೆ. ನನ್ನ ಹೆಸರಿನಲ್ಲಿ ಅಲ್ಲ, ಬೇರೆಯವರ ಮೂಲಕ. ಬಂದ ಕೂಡಲೇ ವೈದ್ಯರ ಕೈಗೆ ಕೊಡು.

ಒಂದು ವಿಷಯ ಕೇಳುತ್ತೇನೆ, ಯೋಚಿಸಿ ಉತ್ತರ ಕೊಡು. ಮಂಜಿನ ಇಟ್ಟಿಗೆಯನ್ನು ಫ್ರೀಜರಿನಿಂದ ತೆಗೆದು ಪೆಟ್ಟಿಗೆಗೆ ಇಡುವ ಮೊದಲು ಎಷ್ಟು ಹೊತ್ತು ಹೊರಗೆ ಬಿಡುತ್ತೀರಿ? ಮೇಲೆಲ್ಲ ಬೆವರು ಬಿಟ್ಟು, ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವವರೆಗೆ ಕಾಯುತ್ತೀರಾ, ಇಲ್ಲವಾ?

ಇನ್ನೊಂದು. ಒಂದು ಸೀಸೆಯನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿ, ಆಮೇಲೆ ಕರಗಿಸು. ಹಳ್ಳಿಗೆ ಹೋಗಿ ಉಳಿದು ಬಂದ ಸೀಸೆಗಳಲ್ಲಿ ಒಂದನ್ನು ತೆಗೆದುಕೋ. ಎರಡನ್ನೂ ಒಟ್ಟಿಗೆ ಕುಲುಕಿ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಿರು. ಒಳ್ಳೆಯ ಲಸಿಕೆ ಬಹಳ ಹೊತ್ತು ಹಾಲಿನ ಹಾಗೆ ಕದಡಿಕೊಂಡೇ ಇರುತ್ತದೆ. ಹೆಪ್ಪುಗಟ್ಟಿ ಸತ್ತದ್ದು ಬೇಗ ತಳಕ್ಕೆ ಕೂರುತ್ತದೆ, ಮೇಲೆ ನೀರು ತಿಳಿಯಾಗುತ್ತದೆ. ಬಿಲ್ಲೆಗೆ ಬಿಸಿ ಮಾತ್ರ ಗೊತ್ತು, ಚಳಿ ಗೊತ್ತಾಗುವುದಿಲ್ಲ.

ಬಾಗಿಲು ಹಾಕಿಕೊಂಡು ಮಾಡು. ಯಾರಿಗೂ ಹೇಳಬೇಡ. ನನಗೆ ಮಾತ್ರ ಬರೆ.

ಅಕ್ಕ

*

ಏಪ್ರಿಲ್ 24

ಅಕ್ಕ,

ನೀನು ಹೇಳಿದ ಹಾಗೆ ಬಾಗಿಲು ಹಾಕಿಕೊಂಡು ಮಾಡಿದೆ. ಎರಡು ಸೀಸೆಯೂ ಒಟ್ಟಿಗೇ ತಳಕ್ಕೆ ಕೂತವು. ಇನ್ನೊಂದು ತೆಗೆದೆ, ಅದೂ ಹಾಗೆಯೇ. ಸಿಕ್ಕ ಸೀಸೆಯನ್ನೆಲ್ಲ ಕುಲುಕಿದೆ. ಕೈ ಸೋತು ನೆಲದ ಮೇಲೆ ಕೂತೆ. ಬಿಲ್ಲೆಗಳು ಮಾತ್ರ ಹಾಲಿನಷ್ಟು ಬೆಳ್ಳಗಿದ್ದವು.

ನಾವು ಮಂಜನ್ನು ಹೊರಗೆ ಬಿಡುವುದಿಲ್ಲ. ಯಾವತ್ತೂ ಬಿಟ್ಟಿಲ್ಲ. ಹಳೆಯ ಪೆಟ್ಟಿಗೆಗೆ ಅದು ನಡೆಯುತ್ತಿತ್ತು, ಅದರಲ್ಲಿ ಚಳಿ ನಿಲ್ಲುತ್ತಲೇ ಇರಲಿಲ್ಲ. ಚಿತ್ರವನ್ನು ಮತ್ತೆ ಹಾಕಿ ನೋಡಿದೆ. ನೀನು ಫ್ರೀಜರಿನ ಬಾಗಿಲು ತೆರೆಯುತ್ತೀಯ, ನಗುತ್ತೀಯ, ಇಟ್ಟಿಗೆ ತೆಗೆದು ಸೀದಾ ಪೆಟ್ಟಿಗೆಯೊಳಗೆ ಜೋಡಿಸುತ್ತೀಯ. ನಡುವೆ ಏನೂ ಇಲ್ಲ ಅಕ್ಕ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ "ಬೆವರಿದ ಮೇಲೆ ಇಡಿ" ಎಂದು ಎಲ್ಲೋ ಒಂದು ಸಾಲು ಇದೆ. ಚಿತ್ರ ಇರುವಾಗ ಪುಸ್ತಕ ಯಾರು ತೆರೆಯುತ್ತಾರೆ? ನಾನಂತೂ ತೆರೆಯಲಿಲ್ಲ. ಬಿಸಿಗೆ ಹೆದರಿ ಹೆದರಿ ನಮ್ಮ ಕೈಯಾರೆ ಕೊಂದೆವು.

ದರ್ಜಿಯ ಮಗಳು ಹೋದಳು. ಸೀರಮ್ ಬಂದದ್ದು ಮರುದಿನ ಬೆಳಿಗ್ಗೆ. ಉಳಿದ ಮಕ್ಕಳಿಗೆ ಅದರಿಂದ ಜೀವ ಬಂತು, ಇವಳಿಗೆ ಬರಲಿಲ್ಲ. ದರ್ಜಿ ನನ್ನ ಹತ್ತಿರ ಬಂದ. ಜಗಳಕ್ಕೆ ಬಂದ ಎಂದುಕೊಂಡೆ. ಕಾರ್ಡು ತೋರಿಸಿ, "ಮೂರೂ ಸಲ ನಾನೇ ಎತ್ಕೊಂಡು ಬಂದಿದ್ದೆ ಸಾರ್. ಕಾರ್ಡು ಸರಿ ಇದೆಯಲ್ಲ?" ಎಂದ. ಸರಿ ಇದೆ ಎಂದೆ. ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದ.

ಇದು ನಿನಗೆ ಮೊದಲೇ ಹೊಳೆದಿತ್ತು. ಹೊಳೆದಿದ್ದೂ ಪ್ರಶ್ನೆ ಕೇಳಿದೆ, ಉತ್ತರ ಹೇಳಲಿಲ್ಲ. ಪುಟ್ಟಿಗೆ ಕೊಟ್ಟದ್ದೂ ಇದೇ ನೀರು. ಎಲ್ಲ ಮಕ್ಕಳಿಗೂ ಮತ್ತೆ ಚುಚ್ಚಬೇಕು, ಅದಕ್ಕೆ ಮೊದಲು ಏಕೆ ಎಂದು ಹೇಳಬೇಕು. ಯಾವಾಗ ಹೇಳಲಿ?

ತಮ್ಮ

*

ಮೇ 3

ತಮ್ಮ,

ನಿನ್ನ ಕಾಗದ ಓದಿ ಕಾರ್ಯದರ್ಶಿಯನ್ನು ಹೊರಗೆ ಕಳಿಸಿದೆ. ಅವಳೆದುರು ಅಳಬಾರದಿತ್ತು.

ಚಿತ್ರ ತೆಗೆಯುವ ದಿನ ಅವರಿಗೆ ಬೆಳಕು ಹೋಗುತ್ತಿತ್ತು. ಮಂಜು ಬೆವರುವವರೆಗೆ ಕಾಯಬೇಕು ಎಂದೆ. "ಮೇಡಂ, ಐಸ್ ಕರಗೋದನ್ನ ಯಾರು ನೋಡ್ತಾರೆ, ಪುಸ್ತಕದಲ್ಲಿ ಹಾಕೋಣ," ಎಂದರು. ಆಗಲಿ ಎಂದೆ. ಅಷ್ಟೇ ನಡೆದದ್ದು.

ಈಗ ನಾನು ಹೇಳುವುದನ್ನು ಸಿಟ್ಟಿಲ್ಲದೆ ಓದು. ಇಂದು ಬಾಯಿ ಬಿಟ್ಟರೆ ನಾನು ಸೋಲುತ್ತೇನೆ. ಸೋತೆ ಎಂದೇ ಇಟ್ಟುಕೋ, ಆ ಕುರ್ಚಿಗೆ ಮಾಜಿ ಮಂತ್ರಿ ಬರುತ್ತಾರೆ. ಅವರು ಸಮಿತಿ ಮಾಡುತ್ತಾರೆ, ಸಮಿತಿ ಉಪಸಮಿತಿ ಮಾಡುತ್ತದೆ, ಮಳೆಗಾಲ ಕಳೆದರೂ ಒಂದು ಸೀಸೆ ಬದಲಾಗುವುದಿಲ್ಲ. ಗೆದ್ದರೆ ಇಪ್ಪತ್ತೊಂದನೆಯ ತಾರೀಖು ನನ್ನದೊಂದು ಸಹಿಗೆ ಎಲ್ಲ ಜಿಲ್ಲೆಗಳ ಲಸಿಕೆಯೂ ಬದಲಾಗುತ್ತದೆ. ಅಷ್ಟರವರೆಗೆ ಬಾಯಿಗೆ ಬೀಗ ಹಾಕಿಕೊಂಡಿರು. ಫ್ರಿಜ್ ಕೆಟ್ಟಿದೆ ಎಂದು ಬೋರ್ಡು ಹಾಕಿ ಚುಚ್ಚುವುದನ್ನು ನಿಲ್ಲಿಸು. ಇದನ್ನು ನಾನು ಕುರ್ಚಿಯ ಆಸೆಗೆ ಹೇಳುತ್ತಿಲ್ಲ. ಆಸೆ ಇಲ್ಲವೆಂದಲ್ಲ, ಅದಕ್ಕೋಸ್ಕರ ಹೇಳುತ್ತಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಆ ಕಡೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಒಳ್ಳೆಯ ಸೀಸೆ ಕಳಿಸಿದ್ದೇನೆ. ಪುಟ್ಟಿಗೆ ಕೊಡಿಸು. ಅವಳ ಅತ್ತೆ ಇಷ್ಟು ಮಾಡಿದರೆ ಯಾರೂ ತಪ್ಪು ಎನ್ನುವುದಿಲ್ಲ.

ಅಕ್ಕ

*

ಮೇ 12

ಅಕ್ಕ,

ಸೀಸೆ ಬಂತು. ಪುಟ್ಟಿಗೆ ಕೊಟ್ಟಿಲ್ಲ. ಅವಳ ಅಮ್ಮ ಒಪ್ಪಲಿಲ್ಲ. "ಇದನ್ನ ಕೊಡ್ಸಿ, ಆಮೇಲೆ ದರ್ಜಿ ಅಂಗಡಿ ಮುಂದೆ ಮಗೂನ ಎತ್ಕೊಂಡು ಹೇಗೆ ಹೋಗ್ಲಿ?" ಎಂದಳು. ಸೀಸೆ ಆಸ್ಪತ್ರೆಗೆ ಹೋಯಿತು, ಸಾಲಿನಲ್ಲಿ ಮೊದಲು ಬಂದವರಿಗೆ.

ನಿನ್ನ ಕಾಗದವನ್ನು ಸಿಟ್ಟಿಲ್ಲದೆ ಓದಲು ನೋಡಿದೆ, ಆಗಲಿಲ್ಲ. ಆಮೇಲೆ ಮತ್ತೆ ಓದಿದಾಗ ನೀನು ಹೇಳುವುದರಲ್ಲಿ ಅರ್ಥವಿದೆ ಅನ್ನಿಸಿತು. ನಿನ್ನನ್ನು ನಂಬದೆ ಇನ್ನು ಯಾರನ್ನು ನಂಬಲಿ? ಆದರೆ ಇಲ್ಲಿ ಕಾಯುವುದಕ್ಕೆ ಆಗುವುದಿಲ್ಲ, ಇನ್ನೊಂದು ಓಣಿಗೂ ಹಬ್ಬಿದೆ. ಅದಕ್ಕೇ ಒಂದು ದಾರಿ ಹುಡುಕಿದ್ದೇನೆ. ನಿನಗೂ ತೊಂದರೆಯಿಲ್ಲ, ಇಲ್ಲಿನ ಮಕ್ಕಳಿಗೂ ಕೂಡಲೇ ಹೊಸ ಲಸಿಕೆ ಸಿಗುತ್ತದೆ. ಉಳಿದ ಜಿಲ್ಲೆಗಳದ್ದನ್ನು ಕುರ್ಚಿಗೆ ಬಂದ ಮೇಲೆ ನೀನು ನೋಡಿಕೋ.

ಏನು ದಾರಿ ಎಂದು ಕೇಳಬೇಡ. ಧೈರ್ಯವಾಗಿ ಹೋಗು. ಫೋಟೋದಲ್ಲಿ ಹಾಕಿಕೊಂಡಿದ್ದ ಆ ಬೂದು ಕೋಟು ಬೇಡ, ಅದರಲ್ಲಿ ಸೋತವಳ ಹಾಗೆ ಕಾಣುತ್ತೀಯ.

ತಮ್ಮ

*

ಮೇ 21

ತಮ್ಮಯ್ಯ,

ನಿನ್ನ ದಾರಿ ಏನೆಂದು ನಿನ್ನೆ ತುಂಬಿದ ಸಭೆಯಲ್ಲಿ ಗೊತ್ತಾಯಿತು.

ಮತದಾನಕ್ಕೆ ಮೊದಲು ಸಭಾಪತಿಗಳು ಎದ್ದು ನಿಂತು ನೀನು ಸರ್ಕಾರಕ್ಕೆ ಕೊಟ್ಟ ಹೇಳಿಕೆಯನ್ನು ಓದಿದರು. "ಉಗ್ರಾಣದ ಫ್ರಿಜ್ಜಿನ ಗುಂಡಿಯನ್ನು ತಪ್ಪಾಗಿ ತಿರುಗಿಸಿದವನು ನಾನು, ಲಸಿಕೆ ಹೆಪ್ಪುಗಟ್ಟಿದ್ದು ನನ್ನ ಅಜಾಗ್ರತೆಯಿಂದ, ಪೆಟ್ಟಿಗೆಯದೂ ತರಬೇತಿಯದೂ ಏನೂ ದೋಷವಿಲ್ಲ." ಓದಿ ಮುಗಿಸಿ, "ಸ್ವಂತ ತಮ್ಮನನ್ನೂ ರಕ್ಷಿಸಲು ಹೋಗದ ಹೆಣ್ಣುಮಗಳು" ಎಂದು ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಾಗಲ್ಲ ಎನ್ನುವುದಕ್ಕೆ ಬಾಯಿ ತೆರೆದೆ, ತೆರೆದ ಬಾಯಿ ಮುಚ್ಚಿದೆ. ಗೆದ್ದೆ.

ನನಗಾಗಿ ನೀನು ನಿನ್ನ ಹೆಸರಿಗೆ ಮಸಿ ಬಳಿದುಕೊಂಡೆ. ಅದಕ್ಕೆ ಕೃತಜ್ಞತೆ ಹೇಳುವಷ್ಟು ನಾನಿನ್ನೂ ಕೆಟ್ಟಿಲ್ಲ. ಊಟದ ಹೊತ್ತಿಗೆ ನಿಮ್ಮ ಪಕ್ಕದ ಜಿಲ್ಲೆಯ ಆರೋಗ್ಯಾಧಿಕಾರಿ ಬಂದು ಕೈ ಕುಲುಕಿದರು. "ನಮ್ಮಲ್ಲೂ ನಾಲ್ಕೈದು ಗಂಟಲು ಕೇಸು ಬಂದಿತ್ತು ಮೇಡಂ. ಲಸಿಕೆ ಪರೀಕ್ಷೆ ಮಾಡಿಸೋಣ ಅಂತಿದ್ವಿ. ನಿಮ್ಮ ತಮ್ಮನವರ ಹೇಳಿಕೆ ನೋಡಿದ್ಮೇಲೆ ನಿರಾಳ ಆಯ್ತು. ಅದು ಅಲ್ಲಿನ ಫ್ರಿಜ್ಜಿನ ಸಮಸ್ಯೆ ಅಷ್ಟೇ, ಅಲ್ವಾ?"

ತಟ್ಟೆ ಕೆಳಗಿಟ್ಟುಬಿಟ್ಟೆ. ನಿನ್ನ ಸುಳ್ಳು ಅವರಿಗೆ ನಿರಾಳವಾಗಿದೆ. ಅಲ್ಲಿನ ಮಕ್ಕಳಿಗೆ ಇಂದೂ ಸತ್ತ ಲಸಿಕೆ ಚುಚ್ಚುತ್ತಿದ್ದಾರೆ. ನನ್ನ ಚಿತ್ರ ನೋಡಿ ಕಲಿತವರ ಕೈಯಿಂದ, ನೀನು ಕೊಟ್ಟ ಧೈರ್ಯದಿಂದ. ಈಗ ನನ್ನ ಕೈಯಲ್ಲಿ ಸಹಿ ಇದೆ, ಕಾರಣ ಹೇಳದೆ ಲಸಿಕೆ ಬದಲಾಯಿಸಲೂಬಹುದು. ಆದರೆ ಕಾರಣ ಗೊತ್ತಿಲ್ಲದವರು ಹೊಸ ಲಸಿಕೆಯನ್ನೂ ಹಾಗೆಯೇ ಮಂಜಿನಲ್ಲಿ ಹೂತುಹಾಕುತ್ತಾರೆ. ಇಷ್ಟು ದಿನ ನಾನು ನನಗೇ ಹೇಳಿಕೊಂಡ ಲೆಕ್ಕದಲ್ಲಿ ಇದೊಂದು ಇರಲೇ ಇಲ್ಲ.

ನಾಳೆ ಬೆಳಿಗ್ಗೆ ಪತ್ರಕರ್ತರು ಬರುತ್ತಾರೆ. ಅಭಿನಂದಿಸಲು ಬರುವವರು. ಅವರೆಲ್ಲರ ಎದುರು ನಿನ್ನನ್ನು ಸುಳ್ಳುಗಾರ ಎಂದು ಕರೆಯುತ್ತೇನೆ. ನಿನ್ನ ಹೇಳಿಕೆ ಅಕ್ಕನ ಮುಖ ಉಳಿಸಲು ಬರೆದದ್ದು ಎನ್ನುತ್ತೇನೆ, ಏಪ್ರಿಲ್ ತಿಂಗಳಿಂದ ಎಲ್ಲ ಗೊತ್ತಿದ್ದೂ ನಾನು ಬಾಯಿ ಮುಚ್ಚಿಸಿದೆ ಎನ್ನುತ್ತೇನೆ. ಈ ಕಾಗದ ನಿನಗೆ ತಲುಪುವ ಮೊದಲೇ ರೇಡಿಯೋದಲ್ಲಿ ಕೇಳಿರುತ್ತೀಯ. ಒಬ್ಬನೇ ಕೂತು ಕೇಳುವ ಹಾಗೆ ಆಗದಿರಲಿ.

ಅಕ್ಕ

*

ಜೂನ್ 13

ಅಕ್ಕ,

ಕೇಳಿದೆ. ಒಬ್ಬನೇ ಅಲ್ಲ, ಆಸ್ಪತ್ರೆಯ ಮುಂದೆ, ಲಸಿಕೆಯ ಸಾಲಿನಲ್ಲಿದ್ದವರೆಲ್ಲರ ಜೊತೆ. ಕಾವಲುಗಾರ ರೇಡಿಯೋ ಜೋರಾಗಿ ಇಟ್ಟಿದ್ದ. ನಿನ್ನ ದನಿ ಒಂದು ಸಲವೂ ನಡುಗಲಿಲ್ಲ. ಮಾವನವರು ಎದ್ದು ಮನೆಗೆ ಹೋಗಿಬಿಟ್ಟರು.

ಕುರ್ಚಿ ಹೋಯಿತು, ಸಂಸ್ಥೆಯಿಂದಲೂ ತೆಗೆದರು ಎಂದು ಪತ್ರಿಕೆಯಲ್ಲಿದೆ. ನನ್ನನ್ನೂ ತೆಗೆದಿದ್ದಾರೆ, ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ. ಬೇಜಾರಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಎರಡು ದಿನ ನಿನ್ನ ಮೇಲೆ ವಿಪರೀತ ಸಿಟ್ಟಿತ್ತು. ಪಕ್ಕದ ಜಿಲ್ಲೆಯವರು ಸೀಸೆಗಳನ್ನು ಕುಲುಕಿ ನೋಡಿದರಂತೆ, ನಮ್ಮದಕ್ಕಿಂತ ಕೆಟ್ಟದಾಗಿತ್ತಂತೆ. ಅದನ್ನು ಕೇಳಿದ ಮೇಲೆ ಸಿಟ್ಟು ಮಾಡಿಕೊಳ್ಳಲು ಮುಖವಿರಲಿಲ್ಲ. ಈಗ ಎಲ್ಲ ಕಡೆ ಮಂಜು ಬೆವರುವವರೆಗೆ ಕಾದು ಪೆಟ್ಟಿಗೆ ತುಂಬುತ್ತಿದ್ದಾರೆ. ಹೊಸ ಲಸಿಕೆ ಬಂದಿದೆ, ಒಳ್ಳೆಯದು. ಪುಟ್ಟಿಗೆ ಸಾಲಿನಲ್ಲಿ ನಿಂತು ಕೊಡಿಸಿದೆವು.

ಆದರೆ ಈಗ ಸಾಲೇ ಇಲ್ಲ ಅಕ್ಕ. ನನ್ನ ತಪ್ಪು ಎಂದು ನಾನು ಹೇಳಿದಾಗ ಜನ ಬೈದರು, ಉಗಿದರು, ಆಮೇಲೆ ಮಕ್ಕಳನ್ನು ಕರೆದುಕೊಂಡು ಬಂದರು. ನೀನು ಹೇಳಿದ ಮೇಲೆ ಸಾಲಿನಲ್ಲಿದ್ದವರೂ ಎದ್ದು ಹೋದರು. ಲಸಿಕೆ ಹಾಗೇ ಉಳಿದಿದೆ, ಚುಚ್ಚಲು ನರ್ಸುಗಳಿದ್ದಾರೆ, ಮಕ್ಕಳಿಲ್ಲ. ರೋಗ ಇನ್ನೂ ಹೋಗಿಲ್ಲ.

ದರ್ಜಿಗೆ ಇನ್ನೊಂದು ಮಗು ಇದೆ, ಪುಟ್ಟಿಯ ವಯಸ್ಸಿನದು. ಅದಕ್ಕೂ ಕೊಟ್ಟದ್ದು ಸತ್ತ ಲಸಿಕೆಯೇ. ಮೊನ್ನೆ ಹೋದೆ. ಬಾಗಿಲಲ್ಲೇ ನಿಲ್ಲಿಸಿದ. ಕೂಗಾಡಲಿಲ್ಲ. "ಮೊದಲು ಎಲ್ಲಾ ಸರಿ ಇದೆ ಅಂದ್ರಿ. ಆಮೇಲೆ ನನ್ನ ತಪ್ಪು ಅಂದ್ರಿ. ಈಗ ಅಕ್ಕನ ತಪ್ಪು ಅಂತಿದೀರಿ. ಇವತ್ತು ಸೂಜಿಯೊಳಗೆ ಇರೋದು ಒಳ್ಳೇದು ಅಂತ ಯಾವ ಬಾಯಲ್ಲಿ ಹೇಳ್ತೀರಿ ಸಾರ್?" ಎಂದು ಬಾಗಿಲು ಹಾಕಿಕೊಂಡ. ಅವನ ಜಾಗದಲ್ಲಿ ನಾನಿದ್ದರೂ ಹಾಕಿಕೊಳ್ಳುತ್ತಿದ್ದೆ. ಅವನ ಮನೆಯ ಬಾಗಿಲು ತೆರೆದರೆ ಓಣಿಯ ಎಲ್ಲ ಬಾಗಿಲುಗಳೂ ತೆರೆಯುತ್ತವೆ.

ನಿನ್ನೆ ಮತ್ತೆ ಹೋದೆ. ಇವತ್ತೂ ಹೋಗಿದ್ದೆ. ನನಗೆ ಈಗ ಸೂಜಿ ಮುಟ್ಟುವ ಅಧಿಕಾರವಿಲ್ಲ, ಬಾಗಿಲು ತಟ್ಟಲು ಯಾರ ಅಪ್ಪಣೆಯೂ ಬೇಕಿಲ್ಲ. ನಿನಗೂ ಈಗ ಬೇಕಿಲ್ಲ. ನೀನು ಬಾ. ನಿನ್ನನ್ನು ನೋಡಿದರೆ ಇನ್ನೂ ಗಟ್ಟಿಯಾಗಿ ಚಿಲಕ ಹಾಕಿಕೊಳ್ಳಬಹುದು, ಹಾಕಿಕೊಳ್ಳಲಿ. ಬೈದರೆ ಇಬ್ಬರೂ ಬೈಸಿಕೊಳ್ಳೋಣ. ಹೋಗಿ ಎಂದರೆ ಹೋಗಿ ಮಾರನೆಯ ದಿನ ಬರೋಣ. ಪತ್ರಿಕೆಯವರನ್ನು ಕರೆತರಬೇಡ, ಭಾಷಣ ಬರೆದುಕೊಂಡು ಬರಬೇಡ.

ಬಸ್ಸು ಇಲ್ಲಿಗೆ ಬೆಳಿಗ್ಗೆ ಬರುತ್ತದೆ. ನಾನು ನಿಲ್ದಾಣಕ್ಕೆ ಬರುವುದಿಲ್ಲ, ಆ ಹೊತ್ತಿಗೆ ದರ್ಜಿಯ ಮನೆಯ ಮುಂದೆ ಇರುತ್ತೇನೆ. ನೇರ ಅಲ್ಲಿಗೇ ಬಾ.

ತಮ್ಮ